ಪಿಸ್ತೂಲು ಡೈರಿ: ಮಂಗಳೂರಿನ ಮಳೆ ಮತ್ತು ಒಂದನೇ ನಂಬರ್ ಮ್ಯಾಗಜಿನ್

ಜೂನ್ 2024

ಲೋಕಸಭೆ ಚುನಾವಣೆಗೆ ಅಂತ ಠಾಣೆಯಲ್ಲಿ ಇಟ್ಟಿದ್ದ .32 (ಗುಂಡಿನ ಅಳತೆ, ಇಂಚಿನಲ್ಲಿ) ಪಿಸ್ತೂಲು ಕೊನೆಗೂ ವಾಪಸ್ ಬಂತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು, ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಮಂಗ ಓಡಿಸಲು ತೋಟದ ಕೋವಿ ಇಟ್ಟವರೂ ನನ್ನ ಜೊತೆ ಸಾಲಿನಲ್ಲಿದ್ದರು. ಮಂಗಗಳಿಗೆ ನೀತಿಸಂಹಿತೆ ಇಲ್ಲ, ಅಲ್ವಾ!

ಮನೆಗೆ ತಂದು ನೋಡಿದರೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಮೇಲೆ ಕಂದು ಚುಕ್ಕೆಗಳು. ತಪ್ಪು ನನ್ನದೇ. ಲೆದರ್ ಹೋಲ್‌ಸ್ಟರ್, ಅಂದರೆ ಚರ್ಮದ ಒರೆ ಸಮೇತ ಕೊಟ್ಟಿದ್ದೆ. ಕಪಾಟಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಹಿಡಿಯುವ ಊರು ಇದು. ಚರ್ಮ ತೇವ ಹೀರುತ್ತದೆ, ಕಬ್ಬಿಣಕ್ಕೆ ಕೊಡುತ್ತದೆ. ಎಣ್ಣೆ ಹಚ್ಚಿ ಉಜ್ಜಿದೆ. ಚುಕ್ಕೆ ಹೋಯಿತು, ಕಲೆ ಉಳಿಯಿತು.

ಶೂಟಿಂಗ್ ರೇಂಜ್‌ನಲ್ಲಿ 24 ಗುಂಡು ಹೊಡೆದೆ, ಎರಡು ಸಲ ಜಾಮ್. ಒಂದು ಸಲ ಖಾಲಿ ತೋಟಾ (ಗುಂಡು, ಮದ್ದು ತುಂಬಿರುವ ಕೊಳವೆ) ಹೊರಗೆ ಹಾರದೆ ಸ್ಲೈಡ್ ಸಂದಿಯಲ್ಲಿ ನೆಟ್ಟಗೆ ನಿಂತುಬಿಟ್ಟಿತು. ಒದ್ದೆ ಕೈಯಲ್ಲಿ ಸಡಿಲ ಹಿಡಿದದ್ದಕ್ಕೆ ಇರಬೇಕು ಅಂದುಕೊಂಡೆ. ಇನ್ನೊಂದು ಸಲ ಹೊಸ ತೋಟಾ ಮೇಲಕ್ಕೇ ಬರಲಿಲ್ಲ. ಸೊಂಟದಲ್ಲಿ ಇಟ್ಟುಕೊಂಡು ಓಡಾಡುವ ವಸ್ತು ಹೀಗೆ ಮಾಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಜುಲೈ

ನನ್ನ ತಲೆಬಿಸಿ ಇಷ್ಟೇ. ಜಾಸ್ತಿ ಹೊಡೆದರೆ ಸ್ಪ್ರಿಂಗ್ ಸವೆಯುತ್ತದೆ, ಗುಂಡಿನ ಕೋಟಾ ಖಾಲಿ. ಹೊಡೆಯದಿದ್ದರೆ ಕೈಗೇ ತುಕ್ಕು, ಪಿಸ್ತೂಲನ್ನು ನಂಬುವುದೂ ಹೇಗೆ? ಇನ್ನೂರು ಗುಂಡು ತಪ್ಪದೆ ಹಾರಿದ ಮೇಲೆ ನಂಬು ಅಂತ ಹೊರದೇಶದವರು ಸಲೀಸಾಗಿ ಹೇಳುತ್ತಾರೆ. ಇಲ್ಲಿ ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ ಗುಂಡು. ಒಂದೊಂದರ ರೇಟಿಗೆ ಗೋಳಿಬಜೆ, ಚಹಾ ಎರಡೂ ಆಗುತ್ತದೆ.

ಹಾಗಾಗಿ ಕೆಲಸ ಹಂಚಿದೆ. ಗುರಿಗೆ 4.5 ಮಿಲಿಮೀಟರ್ ಏರ್ ಪಿಸ್ತೂಲು, ಹತ್ತು ಮೀಟರ್ ದೂರದಿಂದ. ಆದರೆ ಅದರ ಟ್ರಿಗರ್ ಬೆಣ್ಣೆ ಥರ. ಸ್ಪರ್ಧೆಯ ನಿಯಮದಲ್ಲೇ ಟ್ರಿಗರ್ ಎಳೆಯುವ ಭಾರ 500 ಗ್ರಾಂ ಇದ್ದರೆ ಸಾಕು. ನನ್ನ .32 ಅದಕ್ಕಿಂತ ತುಂಬಾ ಗಟ್ಟಿ. ಕಣ್ಣಿನ ಅಭ್ಯಾಸ ಅದರಿಂದ ಇದಕ್ಕೆ ಬರುತ್ತದೆ, ಬೆರಳಿನದು ಬರುವುದಿಲ್ಲ. ಬೆರಳಿಗಾಗಿ ರಾತ್ರಿ ಹತ್ತು ನಿಮಿಷ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಖಾಲಿ ಟ್ರಿಗರ್. ನಿಜವಾದ ಗುಂಡುಗಳು ಬೇರೆ ಕೋಣೆಯಲ್ಲಿ, ಬೀಗ ಹಾಕಿ. ಎದುರಿಗೆ ಮುರಕಲ್ಲಿನ ಗೋಡೆ. ಮನೆಯವಳಿಗೆ ಆ ಟಕ್ ಟಕ್ ಕೇಳಿದರೆ ಆಗುವುದಿಲ್ಲ.

ಆಗಸ್ಟ್

ಆಟಿ ತಿಂಗಳ ಮಳೆಗೆ ಹೊರಗೆ ಹೋಗುವ ಹಾಗಿಲ್ಲ. ಕೂತು ಡೈರಿ ತಿರುವಿದೆ. ಜಾಮ್ ಆದದ್ದೆಲ್ಲ ಒಂದನೇ ನಂಬರ್ ಮ್ಯಾಗಜಿನ್‌ನಲ್ಲೇ (ಪಿಸ್ತೂಲಿಗೆ ಗುಂಡು ತುಂಬಿಸುವ ಡಬ್ಬಿ)! ಸುಮ್ನೆ ನಂಬರ್ ಹಾಕಿಟ್ಟದ್ದು ಈಗ ಕೆಲಸಕ್ಕೆ ಬಂತು. ಹೆಬ್ಬೆರಳಿಂದ ಒತ್ತಿ ನೋಡಿದೆ, ಎರಡನೆಯದಕ್ಕಿಂತ ಸ್ಪ್ರಿಂಗ್ ಮೆತ್ತಗಿದೆ. ತುಂಬಿಸುವುದರಲ್ಲೂ ಎಚ್ಚರ ಬೇಕು. .32 ತೋಟಾದ ಬುಡದಲ್ಲಿ ಸಣ್ಣ ಅಂಚು ಇದೆ, 1899ರ ಬ್ರೌನಿಂಗ್ ಕಾಲದ ವಿನ್ಯಾಸ. ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಅದು ಮುಂದಕ್ಕೆ ಜಾರುವುದೇ ಇಲ್ಲ. ಅಂಗಡಿಯಲ್ಲಿ ಹೊಸ ಸ್ಪ್ರಿಂಗ್ ಹಾಕಿಸಿದೆ. ಆದರೂ ಒಂದನೆಯದಕ್ಕೆ ಮಗಳ ಕೆಂಪು ನೈಲ್ ಪಾಲಿಶ್ ಹಚ್ಚಿ ಬರೀ ರೇಂಜ್‌ಗೆ ಇಟ್ಟೆ. ಒಮ್ಮೆ ಕೈಕೊಟ್ಟದ್ದನ್ನು ಸೊಂಟಕ್ಕೆ ಕಟ್ಟಲು ಮನಸ್ಸಿಲ್ಲ.

ಸೆಪ್ಟೆಂಬರ್

ಇನ್ನೊಂದು ಎಡವಟ್ಟು ಗೊತ್ತಾಯಿತು. ಬೆಳಿಗ್ಗೆ ತುಂಬಿಸುತ್ತೇನೆ, ರಾತ್ರಿ ತೆಗೆಯುತ್ತೇನೆ. ಪ್ರತಿದಿನ ಚೇಂಬರ್‌ಗೆ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಹೋಗುವುದು ಅದೇ ತೋಟಾ. ಹೊಸದರ ಪಕ್ಕ ನಿಲ್ಲಿಸಿದರೆ ಅದು ಕೂದಲೆಳೆಯಷ್ಟು ಗಿಡ್ಡ. ತುದಿಯ ಗುಂಡು ತೋಟಾದ ಕೊಳವೆಯೊಳಗೆ ಕುಸಿದಿದೆ. ಹೀಗಾದರೆ ಹೊಡೆದಾಗ ಒತ್ತಡ ಏರುತ್ತದೆ. ಅದನ್ನು ಪಕ್ಕಕ್ಕಿಟ್ಟೆ, ಹೊಡೆಯುವುದಿಲ್ಲ. ಇನ್ನು ಮೇಲೆ ಮೇಲಿನ ತೋಟಾ ದಿನಾ ಬದಲು. ಮೂರು ತಿಂಗಳಿಗೊಮ್ಮೆ ಸೊಂಟದ ಎಂಟೂ ಗುಂಡು ರೇಂಜ್‌ಗೆ, ಜಾಗಕ್ಕೆ ಹೊಸವು. ಬೆವರು, ಮಳೆ ಎಲ್ಲ ಕಂಡ ಗುಂಡೇ ಅಲ್ಲಿ ಹಾರಿದರೆ ಅಭ್ಯಾಸವೂ ಆಯಿತು, ಪರೀಕ್ಷೆಯೂ ಆಯಿತು.

ಕಳೆದ ಭಾನುವಾರ ಎರಡನೇ ಮ್ಯಾಗಜಿನ್‌ನಲ್ಲಿ 16 ಗುಂಡು. ಒಂದೂ ಸಿಕ್ಕಿಕೊಳ್ಳಲಿಲ್ಲ. ಗುರಿ ಮಾತ್ರ ಇನ್ನೂ ಎಡಕ್ಕೆ, ಸ್ವಲ್ಪ ಕೆಳಗೆ. ಟ್ರಿಗರ್ ಎಳೆಯುವಾಗ ಜಗ್ಗುತ್ತಿದ್ದೇನೆ. ಮುರಕಲ್ಲಿನ ಗೋಡೆ ಎದುರು ಇನ್ನೊಂದು ತಿಂಗಳು ಟಕ್ ಟಕ್.