ಬಾಳೆಬರೆ ಘಾಟಿಯ ದಾರಿಯಲ್ಲಿ ಏರದ ಮುಳ್ಳು

ಡಿಸೆಂಬರ್ ಬೆಳಗಿನ ಶಿವಮೊಗ್ಗ, 13–14 ಡಿಗ್ರಿ ಚಳಿ. ಆರು ಚಕ್ರದ ಲಾರಿ ಖಾಲಿ ಹೊರಟಿದೆ: ತೀರ್ಥಹಳ್ಳಿ, ಯಡೂರು, ಮಾಸ್ತಿಕಟ್ಟೆ ದಾಟಿ ಬಾಳೆಬರೆ ಘಾಟಿ ಇಳಿದು ಕುಂದಾಪುರ. ವಾಪಸ್ ಬರುವಾಗ ಹಂಚಿನ ಲೋಡು. ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ, ಹಾಗಾಗಿ ಈ ದಾರಿ. ಡ್ರೈವರ್ ದೂರು ಒಂದೇ: “ಇಂಜಿನ್ ಬಿಸಿನೇ ಆಗಲ್ಲ ಸಾರ್, ಡೀಸೆಲ್ ಮಾತ್ರ ಕುಡಿಯುತ್ತೆ.” ಅದಕ್ಕೆ ರೇಡಿಯೇಟರ್ ಮುಂದೆ ಗೋಣಿಚೀಲ ಕಟ್ಟಿದ್ದಾನೆ.

ಸುಳಿವು ಸಿಕ್ಕಿದ್ದು ಸ್ಟಾರ್ಟ್ ಮಾಡಿದ ಕೂಡಲೇ. ಇಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಸರಿಯಿದ್ದರೆ ಇಂಜಿನ್ನಿನಿಂದ ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ 80 ಡಿಗ್ರಿ ತನಕ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕಾಯಬೇಕು. ಇಲ್ಲಿ ಮೊದಲ ನಿಮಿಷದಿಂದಲೇ ಇಂಜಿನ್ ಜೊತೆಜೊತೆಗೆ ಬೆಚ್ಚಗಾಗುತ್ತಿತ್ತು.

ಗಾಜನೂರು, ಸಕ್ರೆಬೈಲು ಹಿಂದೆ ಬಿದ್ದವು, ತುಂಗೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮಂಡಗದ್ದೆ ಬಂದರೂ ಇಂಜಿನ್ ತಾಪ ತೋರಿಸುವ ಮುಳ್ಳು 60 ಡಿಗ್ರಿ ದಾಟಲಿಲ್ಲ. ಇರಬೇಕಾದ್ದು 80ರಿಂದ 95. ಮಲೆನಾಡಿನ ಚಳಿಗೆ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ, ಇಲ್ಲಿ ಹಾನಿಯ ದಾರಿ ಬೇರೆ. ತಣ್ಣನೆಯ ಸಿಲಿಂಡರ್‌ನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ಗೋಡೆ ಹಿಡಿದು ಇಳಿದು ಆಯಿಲ್ ತೆಳ್ಳಗಾಗಿಸುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಲೇಪ ಕಂಡು ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪಟ್ಟಿ) ಹೋಯಿತೆಂದು ಹೆಡ್ ಬಿಚ್ಚಿಸುವವರಿದ್ದಾರೆ. ಅವಸರ ಬೇಡ. ಡಿಪ್‌ಸ್ಟಿಕ್ ಮೇಲಿನ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಮಟ್ಟ ಇಳಿಯದೆ, ಅದರ ಟ್ಯಾಂಕಿನಲ್ಲಿ ಗುಳ್ಳೆ ಏಳದಿದ್ದರೆ ಅದು ಬರೀ ಆವಿಯ ನೀರು. ಇಂಜಿನ್ ಸರಿಯಾಗಿ ಕಾದರೆ ತಾನೇ ಹೋಗುತ್ತದೆ.

ತೀರ್ಥಹಳ್ಳಿಯ ಗ್ಯಾರೇಜಿನಲ್ಲಿ ಇಂಜಿನ್ ಕೈ ಮುಟ್ಟುವಷ್ಟು ಆರಿದ ಮೇಲೆ 5 ಲೀಟರ್ ಕೂಲೆಂಟ್ ಶುದ್ಧ ಬಕೆಟ್ಟಿಗೆ ಇಳಿಸಿ ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದರೆ, ಒಳಗೆ ಥರ್ಮೋಸ್ಟಾಟೇ ಇಲ್ಲ! ಬೇಸಿಗೆಯಲ್ಲಿ ಹೀಟ್ ಆಗುತ್ತಿತ್ತೆಂದು ಯಾರೋ ಕಿತ್ತೆಸೆದಿದ್ದರು. ಇದು ನಮ್ಮ ಕಡೆ ಹಳೆಯ ಚಾಳಿ, ಅರ್ಧ ಜ್ಞಾನದ್ದು. ಎರಡು ತಟ್ಟೆಯ ಥರ್ಮೋಸ್ಟಾಟ್ ರೇಡಿಯೇಟರ್ ದಾರಿ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದರೆ ಬೈಪಾಸ್ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಕಾಣದೆಯೇ ಪಂಪಿಗೆ ಮರಳುತ್ತದೆ. ಚಳಿಯಲ್ಲಿ ಇಂಜಿನ್ ಕಾಯುವುದಿಲ್ಲ, ಲೋಡು ಹೊತ್ತು ಘಾಟಿ ಹತ್ತುವಾಗ ಆರುವುದಿಲ್ಲ.

ಹೊಸದನ್ನು ಕೂರಿಸುವ ಮುನ್ನ ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ದಾರಕ್ಕೆ ಕಟ್ಟಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿದೆವು. 82ಕ್ಕೆ ಬಾಯಿ ಬಿಟ್ಟಿತು, 95ರ ಹೊತ್ತಿಗೆ ಪೂರ್ತಿ ತೆರೆಯಿತು. ಬಿಸಿಗೆ ಹಿಗ್ಗಿ ವಾಲ್ವ್ ತೆರೆಯುವ ಮೇಣದ ಗುಂಡಿ ಇಂಜಿನ್ ಕಡೆಗೆ, ಗಾಳಿ ಬಿಡುವ ಸಣ್ಣ ಪಿನ್ ಮೇಲಕ್ಕೆ. ಹಳೆಯ ಗ್ಯಾಸ್ಕೆಟ್ ಪೂರ್ತಿ ಕೆರೆದು ಹೊಸದು ಹಾಕಿ, ಕೂಲೆಂಟನ್ನು ನಿಧಾನವಾಗಿ ಸುರಿಯಬೇಕು. ಗಾಳಿ ಸಿಕ್ಕಿಕೊಂಡರೆ ಮುಳ್ಳು ಕುಣಿಯುತ್ತದೆ. ಚಳಿಗೆ ರಬ್ಬರ್ ಕುಗ್ಗಿ ಬೆಳಗ್ಗೆ ಮಾತ್ರ ತೊಟ್ಟಿಕ್ಕಿ, ಕಾದ ಮೇಲೆ ನಿಲ್ಲುತ್ತಿದ್ದ ಕೆಳಗಿನ ಹೋಸಿನ ಕ್ಲಾಂಪನ್ನೂ ಅಲ್ಲೇ ಬಿಗಿ ಮಾಡಿದ್ದಾಯಿತು. ಗೋಣಿ ಬಿಚ್ಚಿಸಿದೆವು.

ಘಾಟಿಯಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಹಿಡಿದು ಇಳಿಯುವಾಗ ಇಂಜಿನ್‌ಗೆ ಕೆಲಸವಿಲ್ಲ, ಆದರೂ ಹುಲಿಕಲ್ ಚಂಡಿಕಾಂಬೆಯ ಗುಡಿಯ ಬಳಿ ಮುಳ್ಳು 80ರಲ್ಲೇ ಇತ್ತು.

ಅಸಲಿ ರೋಗ ಬಯಲಾದದ್ದು ವಾಪಸ್ ಬರುವಾಗ. ವಾರಾಹಿ ವಿದ್ಯುದಾಗಾರದ ಹೊಸಂಗಡಿ ಬಿಟ್ಟು ಲೋಡಿನಲ್ಲಿ ಎರಡನೇ ಗೇರಿನ ಏರು ಹಿಡಿದರೆ ಮುಳ್ಳು 100 ಮುಟ್ಟಿತು. ಅಗಲ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟು (ಹೊರಡುವಾಗ ಆ ಕಲ್ಲು ರಸ್ತೆಯಿಂದ ತೆಗೆಯಿರಪ್ಪ), ಇಂಜಿನ್ ಆಫ್ ಮಾಡದೆ 1,000 ಆರ್‌ಪಿಎಮ್‌ನಲ್ಲಿ ನಾಲ್ಕೈದು ನಿಮಿಷ ಓಡಿಸಿದೆವು. ಬೆಲ್ಟ್ ಹರಿದಿದ್ದರೆ, ನೀರು ಚೆಲ್ಲಿಹೋಗಿದ್ದರೆ ಮಾತ್ರ ತಕ್ಷಣ ಆಫ್. ರೇಡಿಯೇಟರ್ ಮುಚ್ಚಳ ಮುಟ್ಟಬಾರದು, ಇಂಜಿನ್ ಮೇಲೆ ತಣ್ಣೀರು ಎರಚಿದರೆ ಹೆಡ್ ಸೀಳಬಹುದು.

ಫ್ಯಾನ್ ಜೋರಾಗಿ ಮೊರೆಯುತ್ತಿತ್ತು, ಅಂದರೆ ವಿಸ್ಕಸ್ ಕ್ಲಚ್ (ಬಿಸಿ ಏರಿದಾಗ ಫ್ಯಾನ್ ಜೋರಾಗಿ ತಿರುಗಿಸುವ ಭಾಗ) ಹಿಡಿದಿದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಮೇಲಿನ ಹೋಸ್ 98, ಕೆಳಗಿನದು 96. ಒಳಗಿನ ಟ್ಯೂಬ್ ಕಟ್ಟಿದ್ದರೆ ಕೆಳಗಿನದು ತೀರಾ ತಣ್ಣಗಿರಬೇಕಿತ್ತು. ಎರಡೂ ಒಂದೇ ಸಮ ಇವೆ ಎಂದರೆ ನೀರು ಹರಿಯುತ್ತಿದೆ, ಗಾಳಿ ಹಾಯುತ್ತಿಲ್ಲ. ಮಾಸ್ತಿಕಟ್ಟೆಯಲ್ಲಿ ಟಾರ್ಚ್ ಹಾಕಿ ನೋಡಿದರೆ ಇಂಟರ್‌ಕೂಲರ್ (ಇಂಜಿನ್ನಿಗೆ ಹೋಗುವ ಗಾಳಿ ತಣಿಸುವ ಮುಂದಿನ ಜಾಲಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಅಡಿಕೆ ಸಿಪ್ಪೆಯ ನಾರು, ಹುಲ್ಲಿನ ಚೂರು, ಕೆಂಪು ಧೂಳು ಸೇರಿ ಕಂಬಳಿಯಂತೆ ಕೂತಿದೆ. ಮುಂದಿನಿಂದ ನೋಡಿದರೆ ಎಲ್ಲವೂ ಚೊಕ್ಕ! ಇಂಟರ್‌ಕೂಲರ್ ಬೋಲ್ಟ್ ಸಡಿಲಿಸಿ ಮುಂದಕ್ಕೆ ಸರಿಸಿ, ರೇಡಿಯೇಟರ್‌ಗೆ ಫ್ಯಾನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟೆವು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳು ತಗಡಿನ ಫಿನ್ ಮಡಚಿಕೊಳ್ಳುತ್ತವೆ, ತೋಟದ ಪೈಪಿನ ಒತ್ತಡವೇ ಸಾಕು. ಬೇಸಿಗೆಯಲ್ಲಿ ಹೀಟ್ ಆಗಲು ಕಾರಣ ಇದೇ ಇದ್ದಿರಬೇಕು.

ಯಡೂರಿನಿಂದ ಶಿವಮೊಗ್ಗದ ತನಕ ಮುಳ್ಳು 85ರ ಆಸುಪಾಸು. ಮರುದಿನ ತಣ್ಣನೆಯ ಇಂಜಿನ್‌ನಲ್ಲಿ ನೋಡಿದರೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಮಟ್ಟ ಕೊಂಚ ಇಳಿದಿತ್ತು, ಒಳಗಿನ ಗಾಳಿ ಹೊರಬಂದ ಲೆಕ್ಕ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿದ್ದಾಯಿತು. ತುಂಗೆಯ ನೀರು ಎಷ್ಟೇ ಸಿಹಿಯಿರಲಿ, ತುಕ್ಕು ತಡೆಯುವ ಗುಣ ಅದಕ್ಕಿಲ್ಲ.