ಅಂಬಾರಿಗೆ ಗಾದಿ, ಲೆನ್ಸಿಗೆ ಬರೀ ಕ್ಯಾರಿಯರ್

ಜಂಬೂ ಸವಾರಿ ದಿನ ಮೈಸೂರಿನ ಪತ್ರಿಕಾ ಫೋಟೋಗ್ರಾಫರ್‌ಗೆ ಬೈಕ್ ಇದ್ದೂ ಇಲ್ಲದ ಹಾಗೆ. ಅರಮನೆ ಸುತ್ತ ಬ್ಯಾರಿಕೇಡ್, ಸಯ್ಯಾಜಿರಾವ್ ರಸ್ತೆ ತುಂಬ ಜನ. ಪುಷ್ಪಾರ್ಚನೆ ಫ್ರೇಮ್ ಮುಗಿಸಿ, ಫೋಟೋ ಕಳಿಸಿ, ಕತ್ತಲಾಗುವಷ್ಟರಲ್ಲಿ ಪಂಜಿನ ಕವಾಯತಿಗೆ ಬನ್ನಿಮಂಟಪದಲ್ಲಿ ಇರಬೇಕು. ಸುಮಾರು 5 ಕಿ.ಮೀ. ದಾರಿ. ಒಳರಸ್ತೆಗಳಲ್ಲಿ ನುಗ್ಗಲು ಸೈಕಲ್ಲೇ ಸರಿ.

ಆ ವರ್ಷ ನನಗೆ ಬೆನ್ನುನೋವು. ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಒಂದೇ ಒಂದೂವರೆ ಕೆಜಿ ಹತ್ತಿರ ತೂಗುತ್ತದೆ. ಅದರ ಜೊತೆ ಎರಡು ಕ್ಯಾಮೆರಾ ಬಾಡಿ, ವೈಡ್ ಲೆನ್ಸ್, ಫ್ಲಾಶ್, ಲ್ಯಾಪ್‌ಟಾಪ್. ಬ್ಯಾಗನ್ನು ಹಿಂದಿನ ಕ್ಯಾರಿಯರ್ ಮೇಲಿಟ್ಟು ಟ್ಯೂಬ್ ರಬ್ಬರಿನಲ್ಲಿ ಬಿಗಿದೆ. ಲೆನ್ಸ್ ಬಾಡಿಯಲ್ಲೇ ಇತ್ತು, ಬಿಚ್ಚಲಿಲ್ಲ. ಇಳಿದ ತಕ್ಷಣ ಹೊಡೆಯಬಹುದಲ್ವಾ ಅನ್ನುವ ಲೆಕ್ಕ. ಮಂಡಿ ಮೊಹಲ್ಲಾದ ಗುಂಡಿಗಳಲ್ಲಿ ಬ್ಯಾಗು ಕುಣಿದ ಸದ್ದು ಕೇಳಿಸುತ್ತಲೇ ಇತ್ತು. ಬೆನ್ನು ಹಗುರವಾಗಿತ್ತು, ಹಾಗಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೈದಾನದಲ್ಲಿ ದೀಪ ಆರಿತು, ಪಂಜುಗಳು ಹೊತ್ತಿದವು. ಕ್ಯಾಮೆರಾ ಎತ್ತಿ ಶಟರ್ ಒತ್ತಿದರೆ ಎರರ್ 01, ಅಂದರೆ ಲೆನ್ಸಿಗೂ ಕ್ಯಾಮೆರಾಗೂ ಸಂಪರ್ಕ ಸರಿಯಿಲ್ಲ. ಲೆನ್ಸ್ ಬಿಚ್ಚಿ, ಕಾಂಟ್ಯಾಕ್ಟ್ ಒರೆಸಿ ಮತ್ತೆ ಹಾಕಿದೆ. ಎರರ್ 01. ಬ್ಯಾಟರಿ ತೆಗೆದು ಹಾಕಿದೆ. ಅದೇ. ಆಗ ಲೆನ್ಸನ್ನು ಹಿಡಿದು ಅಲ್ಲಾಡಿಸಿ ನೋಡಿದೆ. ಲೆನ್ಸ್ ಕ್ಯಾಮೆರಾಗೆ ಕೂರುವ ಮೌಂಟ್ ಹತ್ತಿರ ಕಟಕಟ ಅಂತು. ಸ್ಕ್ರೂ ಸಡಿಲವಾಗಿದ್ದವು. ಆ ಕತ್ತಲಲ್ಲಿ, ಆ ಜನರ ನಡುವೆ ಸ್ಕ್ರೂಡ್ರೈವರ್ ಎಲ್ಲಿಂದ ತರುವುದು? ಡೆಸ್ಕ್‌ನಿಂದ ಫೋನು: "ಎಲ್ಲಪ್ಪಾ ಫೋಟೋ? ಪೇಜ್ ಹಿಡ್ಕೊಂಡು ಕೂತಿದೀವಿ." ಎಡಗೈಯಲ್ಲಿ ಲೆನ್ಸನ್ನು ಮೇಲಕ್ಕೆ ಒತ್ತಿ ಹಿಡಿದರೆ ಒಂದೊಂದು ಫ್ರೇಮ್ ಬೀಳುತ್ತಿತ್ತು, ಅದೂ ಫೋಕಸ್ ಇಲ್ಲದೆ. ಪಂಜಿನ ಆಕಾರಗಳು ಒಂದಾದ ಮೇಲೊಂದು ಮೂಡಿ ಹೋದವು. ಕೊನೆಗೆ ವೈಡ್‌ನಲ್ಲಿ ಹೊಡೆದು, ಕ್ರಾಪ್ ಮಾಡಿ ಕಳಿಸಿದೆ. ಮರುದಿನ ಎದುರಾಳಿ ಪತ್ರಿಕೆಯ ಮೊದಲ ಪುಟ ನೋಡಿ ತಿಂಡಿ ಸೇರಲಿಲ್ಲ.

ನಾಚಿಕೆ ಜಾಸ್ತಿಯಾದದ್ದು ಬೇರೆ ಕಾರಣಕ್ಕೆ. 750 ಕೆಜಿ ಅಂಬಾರಿಯನ್ನು ಆನೆ ಬೆನ್ನಿಗೆ ಸುಮ್ನೆ ಕಟ್ಟುವುದಿಲ್ಲ. ಕೆಳಗೆ ಗಾದಿ, ನಮ್ದಾ ಅನ್ನುವ ಮೆತ್ತೆಗಳನ್ನು ಹಾಕುತ್ತಾರೆ. ಅದಕ್ಕೂ ಮುಂಚೆ ವಾರಗಟ್ಟಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ತಾಲೀಮು. ಆ ತಾಲೀಮಿನ ಫೋಟೋ ಪ್ರತಿ ವರ್ಷ ತೆಗೆಯುವವನು ನಾನೇ!

ಆಫೀಸಿನಲ್ಲಿ ಕೇಳಿದ ಮೊದಲ ಮಾತು, "ಸೈಕಲ್ ಮೇಲೆ ತಗೊಂಡು ಹೋಗು ಅಂದವರ್ಯಾರು?" ರಿಪೇರಿ ಬಿಲ್ ತಿಂಗಳುಗಟ್ಟಲೆ ಅಕೌಂಟ್ಸ್‌ನಲ್ಲಿ ಕೊಳೆಯಿತು. ಬೈಕಿನವರಿಗೆ ಪೆಟ್ರೋಲ್ ಭತ್ಯೆ ಉಂಟು. ಸೈಕಲ್ಲಿನವನಿಗೆ ಟ್ಯೂಬ್ ಪಂಕ್ಚರ್ ದುಡ್ಡೂ ಇಲ್ಲ.

ಈಗ ಗಾಜು ಇರುವುದೆಲ್ಲ ಬೆನ್ನ ಮೇಲೆ, ಎದೆ ಬೆಲ್ಟು, ಸೊಂಟದ ಬೆಲ್ಟು ಬಿಗಿದು. ರಸ್ತೆಯ ಏಟನ್ನು ಕ್ಯಾರಿಯರ್ ನೇರ ಲೆನ್ಸಿಗೆ ದಾಟಿಸುತ್ತದೆ, ಮೈ ಅರ್ಧ ನುಂಗಿಕೊಳ್ಳುತ್ತದೆ. ಹಂಪ್ ಬಂದರೆ ಸೀಟಿನಿಂದ ಎದ್ದು ಮೊಣಕಾಲು ಮಡಚಿ ದಾಟುತ್ತೇನೆ. 70-200 ಬಾಡಿಯಿಂದ ಬೇರೆ, ಟವೆಲ್ ಸುತ್ತಿ. ಕ್ಯಾರಿಯರ್‌ಗೆ ಚಾರ್ಜರ್, ರೇನ್‌ಕೋಟ್, ನೀರು ಮಾತ್ರ. ಒಂದು ಪಟ್ಟಿಯ ಹೆಗಲ ಚೀಲ ಬೇಡವೇ ಬೇಡ, ಬಗ್ಗಿದ ಕೂಡಲೇ ಮುಂದಕ್ಕೆ ಜಾರಿ ಮೊಣಕಾಲಿಗೆ ಬಡಿಯುತ್ತದೆ. ಹ್ಯಾಂಡಲ್‌ಗೆ ತೂಕ ನೇತುಹಾಕಿದರೆ ತಿರುವಿನಲ್ಲಿ ಸೈಕಲ್ ನಮ್ಮ ಮಾತು ಕೇಳುವುದಿಲ್ಲ. ಬೆನ್ನು ಬೆವರಿ ಬ್ಯಾಗಿನ ಬಟ್ಟೆ ಒದ್ದೆಯಾಗುತ್ತದೆ ನಿಜ. ಅದಕ್ಕೆ ಒಳಗೊಂದು ಪ್ಲಾಸ್ಟಿಕ್ ಕವರ್, ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಕ್ಯಾಮೆರಾ ಊರುವ ಒಂಟಿ ಕೋಲು ಮಾನೋಪಾಡ್‌ಗೆ ಮಾತ್ರ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ. ಸದ್ಯಕ್ಕೆ ಸೈಕಲ್ಲಿನ ಬಾರ್‌ಗೆ ಕಟ್ಟಿಕೊಂಡು, ಪೆಡಲ್ ತುಳಿಯುವಾಗೆಲ್ಲ ತೊಡೆಗೆ ತಿಕ್ಕಿಸಿಕೊಂಡು ಹೋಗುತ್ತಿದ್ದೇನೆ.