ಉಳಿದ ಬಣ್ಣ ಎಲ್ಲದಕ್ಕೂ ಹೊಡೆಯೋಕಾಗಲ್ಲ

ಶಿವಮೊಗ್ಗದಲ್ಲಿ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುತ್ತೇನೆ. ಮೊದಲೆಲ್ಲ ಮನೆ ಕೆಲಸ ಅಂದರೆ ಗೋಡೆ, ಬಾಗಿಲು, ಕಿಟಕಿ, ಅಷ್ಟೇ. ಈಗ ಗೋಡೆ ಮುಗಿಯುವ ಹೊತ್ತಿಗೆ ಮನೆಯವರು ಬಚ್ಚಲುಮನೆ ಟೈಲ್ಸ್ ತೋರಿಸುತ್ತಾರೆ. ಆಮೇಲೆ ಹಳೇ ಫ್ರಿಜ್, ಪ್ಲಾಸ್ಟಿಕ್ ಕುರ್ಚಿ, ತಾರಸಿ ಮೇಲಿನ ಶೀಟು, ನೀರಿನ ಟ್ಯಾಂಕು. "ಹೇಗೂ ಬಣ್ಣ ಉಳಿದಿದೆಯಲ್ಲ, ಇದಕ್ಕೂ ಒಂದು ಕೋಟ್ ಎಳೆದುಬಿಡಿ" ಅನ್ನುವುದು ನಾವು ತುಂಬಾ ಸಲ ಕೇಳುವ ಮಾತು.

ಗೋಡೆ, ಮರ ಎರಡೂ ಬಣ್ಣ ಕುಡಿಯುತ್ತವೆ. ಸಣ್ಣ ಸಣ್ಣ ತೂತುಗಳೊಳಗೆ ಬಣ್ಣ ಇಳಿದು ಹಿಡಿದುಕೊಳ್ಳುತ್ತದೆ. ಟೈಲ್ಸ್, ತಗಡು, ಪ್ಲಾಸ್ಟಿಕ್ ಏನನ್ನೂ ಕುಡಿಯುವುದಿಲ್ಲ. ಅವುಗಳ ಮೇಲೆ ಬಣ್ಣ ಸುಮ್ನೆ ಕೂತಿರುತ್ತದೆ, ಎದ್ದು ಬರಲು ಕಾಯುತ್ತಿರುತ್ತದೆ. ಅದಕ್ಕೇ ನಾನು ಬಣ್ಣದ ಕಾರ್ಡ್ ತೆಗೆಯುವ ಮೊದಲು ಕೇಳುವುದು ಒಂದೇ: ಈ ವಸ್ತು ಯಾವುದರಿಂದ ಮಾಡಿದ್ದು?

ತಾರಸಿಗೆ ಹಾಕುವ ಜಿಐ ಶೀಟು, ಅಂದರೆ ಸತು ಲೇಪಿಸಿದ ತಗಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಜಾಸ್ತಿ ದುಡ್ಡು ಹಾಳಾಗುವುದು ಅಲ್ಲೇ. ನೋಡಲು ಕಬ್ಬಿಣವೇ. ಹಾಗಾಗಿ ಹುಡುಗರು ಅಭ್ಯಾಸದಿಂದ ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣದ ಅಡಿಗೆ ಹೊಡೆಯುವ ಮೊದಲ ಕೋಟ್) ಹೊಡೆದು ಮೇಲೆ ಆಯಿಲ್ ಪೇಂಟ್ ಬಳಿಯುತ್ತಾರೆ. ಆದರೆ ಮೇಲಿರುವುದು ಕಬ್ಬಿಣವಲ್ಲ, ಸತುವಿನ ಪದರ. ಆಯಿಲ್ ಪೇಂಟಿನ ಎಣ್ಣೆ ಅಂಶ ತೇವ ಸಿಕ್ಕಾಗ ಸತುವಿನ ಜೊತೆ ಸೇರಿ ಸೋಪಿನಂಥ ಒಂದು ತೆಳು ಪದರ ಮಾಡುತ್ತದೆ. ಅದು ಬಣ್ಣಕ್ಕೂ ತಗಡಿಗೂ ನಡುವೆಯೇ ಹುಟ್ಟುತ್ತದೆ. ಮೊದಲ ಮಳೆಗಾಲ ಹೇಗೋ ಕಳೆಯುತ್ತದೆ. ಆಮೇಲೆ ಬಣ್ಣ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಹಾಗೆ ಅಗಲಗಲವಾಗಿ ಏಳುತ್ತದೆ. ಎದ್ದ ಹಕ್ಕಳೆಯ ಅಡಿ ನೋಡಿ. ತುಕ್ಕು ಇರುವುದಿಲ್ಲ, ತಗಡು ಹೊಸದರ ಹಾಗೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅಂದರೆ ಕೆಟ್ಟಿದ್ದು ತಗಡಲ್ಲ, ಅದು ಬಣ್ಣವನ್ನು ಹಿಡಿದುಕೊಂಡೇ ಇರಲಿಲ್ಲ.

ಹೊಸ ಜಿಐ ಮೇಲೆ ಕಾರ್ಖಾನೆಯ ಎಣ್ಣೆ ಜಿಡ್ಡು ಇರುತ್ತದೆ. ಅದನ್ನು ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆಯುತ್ತೇವೆ. ಹಳೇ ಶೀಟಾದರೆ ಬಿಳಿ ಪುಡಿಯನ್ನು ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕು. ಚೆನ್ನಾಗಿ ಒಣಗಿದ ಮೇಲೆ ಎಚ್ (etch) ಪ್ರೈಮರ್ ತೆಳುವಾಗಿ ಒಂದೇ ಕೋಟ್. ಇದರಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ, ಅದು ಸತುವನ್ನು ಸ್ವಲ್ಪ ಕಚ್ಚಿ ಬಣ್ಣಕ್ಕೆ ಹಿಡಿತ ಕೊಡುತ್ತದೆ. ದಪ್ಪ ಹೊಡೆದರೆ ಇದೇ ಸಿಪ್ಪೆಯಾಗಿ ಏಳುತ್ತದೆ. ಕಂಪನಿಯವರು ಜಿಐಗೆ ಆಗುತ್ತದೆ ಅಂತ ಡಬ್ಬದ ಮೇಲೇ ಬರೆದಿರುವ ವಾಟರ್ ಬೇಸ್ ಅಕ್ರಿಲಿಕ್ ಪ್ರೈಮರ್ ಕೂಡ ನಡೆಯುತ್ತದೆ. ಅಲ್ಯೂಮಿನಿಯಂ ಕಿಟಕಿಗೂ ಹೆಚ್ಚುಕಮ್ಮಿ ಇದೇ ದಾರಿ.

ಏನೇ ಹೊಡೆಯಲಿ, ಮೊದಲು ಅಂಗೈ ಅಗಲದ ಜಾಗದಲ್ಲಿ ಮಾಡಿ ನೋಡುತ್ತೇನೆ. ಬಾಗಿಲ ಹಿಂದೆ, ಫ್ರಿಜ್ಜಿನ ಪಕ್ಕ, ಹೀಗೆ ಕಾಣದ ಕಡೆ. ಪ್ರೈಮರ್, ಬಣ್ಣ ಎರಡೂ ಹಾಕಿ ಪೂರ್ತಿ ಗಟ್ಟಿಯಾಗಲು ಬಿಡುತ್ತೇನೆ. ಆಮೇಲೆ ಹೊಸ ಬ್ಲೇಡಿನಲ್ಲಿ ತಳದವರೆಗೆ ಉದ್ದಕ್ಕೆ, ಅಡ್ಡಕ್ಕೆ ಗೆರೆ ಎಳೆದು ಸಣ್ಣ ಚೌಕಗಳನ್ನು ಮಾಡುತ್ತೇನೆ. ಮೇಲೆ ಗಟ್ಟಿ ಅಂಟಿನ ಟೇಪ್ ಒತ್ತಿ ಒಂದೇ ಸಲಕ್ಕೆ ಎಳೆಯುತ್ತೇನೆ. ಇದು ನನ್ನ ಉಪಾಯವಲ್ಲ. ಐಎಸ್‌ಒ 2409 ಅನ್ನುವ ಅಂತರರಾಷ್ಟ್ರೀಯ ಅಳತೆಯೇ ಇದೆ, ಚೌಕ ಒಂದೂ ಏಳದಿದ್ದರೆ 0, ತುಂಬಾ ಕೆಟ್ಟದ್ದಕ್ಕೆ 5. ನಮಗೆ ಅಷ್ಟು ಲೆಕ್ಕ ಬೇಡ. ಟೇಪನ್ನು ಬೆಳಕಿಗೆ ಹಿಡಿದರೆ ಸಾಕು. ಚೌಕಗಳು ಅಂಟಿಕೊಂಡು ಬಂದಿದ್ದರೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಮನೆಯವರನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು ಎಳೆಯುತ್ತೇನೆ. ಕಣ್ಣಾರೆ ಕಂಡ ಮೇಲೆ ವಾದ ಇರುವುದಿಲ್ಲ.

ಟೈಲ್ಸ್ ಮೇಲಿನ ಹೊಳಪು ಗಾಜಿನಂಥದ್ದು. ಅದರ ಮೇಲೆ ವರ್ಷಗಟ್ಟಲೆ ಕೂತ ಸೋಪು, ಎಣ್ಣೆ, ಗಡಸು ನೀರಿನ ಬಿಳಿ ಕಲೆ. ತೊಳೆದಾಯಿತು ಅಂತ ಹೇಗೆ ಗೊತ್ತಾಗಬೇಕು? ನೀರು ಚಿಮುಕಿಸಿ ನೋಡಿ. ಹನಿ ಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ. ತೆಳ್ಳಗೆ ಹರಡಿಕೊಂಡರೆ ಸರಿ. ಆಮೇಲೆ 220 ನಂಬರ್ ಎಮರಿ ಪೇಪರಿನಲ್ಲಿ ಹೊಳಪು ಹೋಗುವ ತನಕ ಉಜ್ಜಬೇಕು. ಮೂಲೆಯಲ್ಲಿರುವ ಹಳೇ ಸಿಲಿಕೋನ್ ಪೂರ್ತಿ ಕಿತ್ತು ತೆಗೆಯಬೇಕು, ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ನಂತರ ಎಪಾಕ್ಸಿ ಪ್ರೈಮರ್, ಮೇಲೆ ಎರಡು ಡಬ್ಬ ಬೆರೆಸಿ ಹೊಡೆಯುವ ಎಪಾಕ್ಸಿ ಅಥವಾ ಪಿಯು (ಪಾಲಿಯುರೆಥೇನ್) ಬಣ್ಣ. ಮುಟ್ಟಿದರೆ ಮಾರನೇ ದಿನವೇ ಒಣಗಿದೆ ಅನಿಸುತ್ತದೆ. ಆದರೆ ಗಟ್ಟಿಯಾಗಲು ಹತ್ತಿರ ಹತ್ತಿರ ಒಂದು ವಾರ ಬೇಕು. ಅಷ್ಟು ದಿನ ನೀರು ಬೀಳಬಾರದು. ಮನೆಯಲ್ಲಿ ಒಂದೇ ಬಚ್ಚಲಿದ್ದರೆ ಮಾಡಿಸಲೇಬೇಡಿ ಅಂತ ನೇರವಾಗಿ ಹೇಳುತ್ತೇನೆ. ಸ್ನಾನದ ನೀರು ನಿಲ್ಲುವ ನೆಲದ ಟೈಲ್ಸಿಗಂತೂ ಬೇಡವೇ ಬೇಡ. ಅಡುಗೆಮನೆ ಗೋಡೆಯ ಟೈಲ್ಸಿಗೆ ಚೆನ್ನಾಗಿ ಬಾಳುತ್ತದೆ.

ಪ್ಲಾಸ್ಟಿಕ್ ವಸ್ತುವನ್ನು ಮಗುಚಿ ನೋಡಿ. ಅಡಿಯಲ್ಲಿ ತ್ರಿಕೋನದೊಳಗೆ ಒಂದು ನಂಬರ್ ಇರುತ್ತದೆ. 3 ಇದ್ದರೆ ಪಿವಿಸಿ, ಉಜ್ಜಿ ಪ್ರೈಮರ್ ಹಾಕಿದರೆ ಬಣ್ಣ ಹಿಡಿಯುತ್ತದೆ. 2 ಅಥವಾ 5 ಇದ್ದರೆ ಪಾಲಿಥೀನ್, ಪಾಲಿಪ್ರೊಪಿಲೀನ್. ಮನೆಯ ಕುರ್ಚಿ, ಬಕೆಟ್ ಹೆಚ್ಚಿನವು ಈ ಜಾತಿಯವೇ. ಇವುಗಳ ಮೈಗೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಇವಕ್ಕೇ ಅಂತ ಬರುವ ಬೇರೆ ಪ್ರೈಮರ್ ಇದೆ. ಆದರೆ ದಿನಾ ಕೂತು ಏಳುವ ಕುರ್ಚಿಗೆ ಅದನ್ನು ಹಾಕಿಸಿ ಅಂತ ನಾನು ಹೇಳುವುದಿಲ್ಲ. ಒಮ್ಮೆ ಒಬ್ಬ ಅಜ್ಜಿ ಕೇಳಿದರು, "ಏನಪ್ಪಾ, ಟ್ಯಾಂಕಿಗೂ ಮನೆ ಬಣ್ಣವೇ ಹೊಡೆದರೆ ಚಂದ ಅಲ್ವಾ?" ಚಂದವೇ. "ಅಜ್ಜಿ, ಅದು ಬಿಸಿಲಿಗೆ ಹಿಗ್ಗಿ ಕುಗ್ಗುತ್ತೆ, ಬಣ್ಣ ಉದುರಿ ತಾರಸಿ ಪೂರಾ ಹರಡುತ್ತೆ" ಅಂದೆ. ಟ್ಯಾಂಕಿಗೆ ಮರೆಯಾಗಿ ಒಂದು ಜಾಲರಿ ಕಟ್ಟಿಸಿ ಬಳ್ಳಿ ಹಬ್ಬಿಸಿದರು.

ಫ್ರಿಜ್ಜಿನ ಹೊರಮೈಗೆ 400 ನಂಬರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ ಸ್ಪ್ರೇ ಮಾಡಿದರೆ ಸುಂದರವಾಗಿ ಬರುತ್ತದೆ. ಒಳಗೆ ಮಾತ್ರ ಮುಟ್ಟಬಾರದು. ಹಳೇ ಕಬ್ಬಿಣದ ಬೀರುವನ್ನೂ ನೀರು ಹಾಕಿಯೇ ಉಜ್ಜುತ್ತೇವೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಹಳೇ ಸಿಮೆಂಟ್ ಶೀಟು ಇನ್ನೂ ಅಪಾಯ. ಅದರಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಒಣಗಿದ್ದಾಗ ಉಜ್ಜಿದರೆ ಆ ನಾರು ನಮ್ಮ ಹುಡುಗರ ಶ್ವಾಸಕೋಶ ಸೇರುತ್ತದೆ. ಎಷ್ಟೇ ದುಡ್ಡು ಕೊಡುತ್ತೇನೆಂದರೂ ಅವರ ಕೈಗೆ ವೈರ್ ಬ್ರಷ್ ಕೊಟ್ಟು ಅಲ್ಲಿಗೆ ಹತ್ತಿಸುವುದಿಲ್ಲ.

ಈಗ ಎಸ್ಟಿಮೇಟ್ ಬರೆಯುವಾಗ ತೊಳೆಯುವುದು, ಉಜ್ಜುವುದು, ಪ್ರೈಮರ್, ಒಣಗುವ ದಿನ, ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕುತ್ತೇನೆ. ಟೈಲ್ಸ್ ಕೆಲಸದಲ್ಲಿ ಬಣ್ಣಕ್ಕಿಂತ ತೊಳೆದು ಉಜ್ಜುವ ಕೂಲಿಯೇ ಜಾಸ್ತಿ ಬರುತ್ತದೆ. ಒಟ್ಟು ಮೊತ್ತ ಬರೆದರೆ "ಇಷ್ಟೊಂದಾ?" ಅನ್ನುತ್ತಾರೆ. ಸಾಲು ಸಾಲಾಗಿ ಬರೆದರೆ ಕೂತು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಹೊರಗಿನ ಶೀಟಿನ ಕೆಲಸಕ್ಕೆ ಫೆಬ್ರವರಿಯಿಂದ ಮೇ ಒಳಗೆ ಮಾತ್ರ ತಾರೀಕು ಕೊಡುತ್ತೇನೆ. ನಮ್ಮ ಕಡೆ ಜೂನ್ ಹಿಡಿದರೆ ತಗಡು ಒಣಗುವುದೇ ಇಲ್ಲ.